ಸದನದ ಖರ್ಚು ನೋಡಿಕೊಂಡವರು

ಸಂಸತ್ ಭವನದ ಹಿಂಬದಿಯಲ್ಲಿ, ಕಾರುಗಳು ನಿಲ್ಲುವ ಅಂಗಳಕ್ಕೆ ಅಂಟಿಕೊಂಡು ಒಂದು ಉದ್ದನೆಯ ಕೋಣೆ ಇದೆ. ಕಿಟಕಿ ತೆಗೆದರೆ ಹೊಗೆ, ಮುಚ್ಚಿದರೆ ಸೆಕೆ. ಅಲ್ಲಿ ಕೂತು ಸದನದ ಖರ್ಚು ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಭವನದವರು ಇಟ್ಟ ಹೆಸರು ಬಿಗಿಮುಷ್ಟಿ ಮೇಡಂ. ಮೊದಲು ಹಾಗೆ ಕರೆದವರು ಡ್ರೈವರುಗಳು. ಕಾರಿನ ಸೀಟು ಹರಿದಿದೆ, ಹೊಸದು ಹಾಕಿಸಿಕೊಡಿ ಎಂದು ಯಾರಾದರೂ ಹೋದರೆ ಮೇಡಂ ಕನ್ನಡಕ ಏರಿಸಿಕೊಂಡು ತಾವೇ ಅಂಗಳಕ್ಕೆ ಇಳಿಯುತ್ತಿದ್ದರು. ಹರಿದ ಜಾಗಕ್ಕೆ ಬೆರಳು ತೂರಿಸಿ ನೋಡಿ, ಹೊಲಿಸಿದರೆ ಇನ್ನೆರಡು ವರ್ಷ ಬರುತ್ತದಲ್ಲಪ್ಪ ಎಂದು ಹೇಳಿ ವಾಪಸು ಹತ್ತಿ ಬರುತ್ತಿದ್ದರು. ತಮ್ಮ ಅಡ್ಡಹೆಸರು ಅವರ ಕಿವಿಗೂ ಬಿದ್ದಿತ್ತು. ಬೇಸರವೇನೂ ಇರಲಿಲ್ಲ. ಈ ಮುಷ್ಟಿ ಬಿಗಿಯಾಗಿ ಇರುವುದಕ್ಕೇ ನಿಮ್ಮ ಸಂಬಳ ತಿಂಗಳು ತಿಂಗಳು ಸರಿಯಾಗಿ ಬೀಳುತ್ತಿರುವುದು ಎಂದು ನಗುತ್ತಿದ್ದರು.

ದೇಶದ ಬಜೆಟ್ಟಿಗೂ ಅವರಿಗೂ ಸಂಬಂಧವಿರಲಿಲ್ಲ. ಅದು ಗುಮ್ಮಟದ ಕೆಳಗೆ ಮೇಜು ಕುಟ್ಟಿಕೊಂಡು ಆಗುವ ಕೆಲಸ. ಮೇಡಂ ನೋಡಿಕೊಳ್ಳುತ್ತಿದ್ದುದು ಸದನದ ಮನೆವಾರ್ತೆ. ನೌಕರರ ಸಂಬಳ, ದೀಪ, ಲಿಫ್ಟು, ಮೈಕು, ಕಾಗದ, ಕ್ಯಾಂಟೀನಿನ ಗ್ಯಾಸು, ಗ್ರಂಥಾಲಯದ ಪತ್ರಿಕೆಗಳು, ಸದಸ್ಯರ ಕಾರು ಮತ್ತು ಪ್ರಯಾಣ ಭತ್ಯೆ, ಶೌಚಾಲಯದ ಫಿನಾಯಿಲು. ಇಷ್ಟರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಪ್ರತಿ ವರ್ಷ ಅಳೆದು ಸುರಿದು ಸದನ ಸಮಿತಿಯ ಮುಂದೆ ಇಡುವುದು ಅವರ ಕೆಲಸ. ತೀರ್ಮಾನ ಸಮಿತಿಯದ್ದು, ಅಂದರೆ ಸದಸ್ಯರದ್ದೇ. ಬೈಗುಳ ಮಾತ್ರ ಮೇಡಂ ಪಾಲಿಗೆ.

ಮನೆಯಲ್ಲಿ ಗಂಡ, ಅತ್ತೆ, ನಾದಿನಿ, ನಾದಿನಿಯ ಮಗಳು. ಗಂಡ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಸಾಧು ಮನುಷ್ಯ, ಅತ್ತೆ ಸೊಸೆಯ ಜಗಳ ಶುರುವಾಯಿತೆಂದರೆ ಮೆಲ್ಲನೆ ಎದ್ದು ಬಾಲ್ಕನಿಗೆ ಹೋಗಿ ಗಿಡಕ್ಕೆ ನೀರು ಹಾಕುವವನು. ನಾದಿನಿ ಗಂಡನ ಮನೆ ಬಿಟ್ಟು ಹಸುಗೂಸು ಎತ್ತಿಕೊಂಡು ಬಂದವಳು. ಬಂದ ಹೊಸತರಲ್ಲಿ ಗೋಡೆಗೆ ಮುಖ ಮಾಡಿ ಮಲಗಿದರೆ ಊಟಕ್ಕೂ ಏಳುತ್ತಿರಲಿಲ್ಲ. ಅವಳನ್ನು ಎಬ್ಬಿಸಿ, ಗದರಿಸಿ, ಶೀಘ್ರಲಿಪಿಯ ತರಗತಿಗೆ ಸೇರಿಸಿದ್ದು ಮೇಡಂ. ಕಲಿಯಲು ಕೂತ ಮೇಲೆ ನಾದಿನಿ ಹಿಂದೆ ನೋಡಲಿಲ್ಲ. ರೇಡಿಯೋದ ವಾರ್ತೆ, ಪಕ್ಕದ ಮನೆಯ ಜಗಳ, ತಾಯಿಯ ಗೊಣಗಾಟ, ಕಿವಿಗೆ ಬಿದ್ದದ್ದೆಲ್ಲವನ್ನೂ ಬರೆದು ಬರೆದು ಕೈ ಪಳಗಿಸಿದಳು. ಕೊನೆಗೆ ಸಂಸತ್ತಿನಲ್ಲೇ ನಡಾವಳಿ ಬರೆಯುವವರ ಹಂಗಾಮಿ ಹುದ್ದೆಗೆ ಪರೀಕ್ಷೆ ಕಟ್ಟಿ ಪಾಸಾದಳು. ಕೆಲಸ ಸಿಕ್ಕ ಮೇಲೆ ಅವಳ ನಡಿಗೆಯೇ ಬದಲಾಯಿತು. ಅತ್ತಿಗೆ ನಾದಿನಿ ಒಂದೇ ಬಸ್ಸಿಗೆ ಹೋಗುವುದು, ಒಂದೇ ಬಸ್ಸಿಗೆ ಬರುವುದು. ನೋಡಿದವರು ಅಕ್ಕ ತಂಗಿ ಎಂದುಕೊಳ್ಳುತ್ತಿದ್ದರು.

ಆ ವರ್ಷ ಸರ್ಕಾರ ಒಂದು ಮಸೂದೆ ತಂದಿತು. ಕಾರಣ ಹೇಳದೆ ಯಾರನ್ನಾದರೂ ತಿಂಗಳುಗಟ್ಟಲೆ ಬಂಧನದಲ್ಲಿ ಇಡಬಹುದು ಎನ್ನುವ ಮಸೂದೆ. ಚರ್ಚೆಯಿಲ್ಲದೆ ಒಂದೇ ದಿನದಲ್ಲಿ ಪಾಸು ಮಾಡಿಸುವ ಆತುರ ಅವರಿಗೆ. ಸಭಾಧ್ಯಕ್ಷರು ಒಪ್ಪಲಿಲ್ಲ. ಮೃದು ಮಾತಿನ, ಸಣಕಲು ದೇಹದ ಮುದುಕ ಅವರು. ಇಷ್ಟು ದೊಡ್ಡ ವಿಷಯವನ್ನು ಪರಿಶೀಲನಾ ಸಮಿತಿ ನೋಡಲಿ, ಅದರ ವರದಿ ಬಂದ ಮೇಲೆ ಸದನ ಮಾತಾಡಲಿ ಎಂದುಬಿಟ್ಟರು. ಅಷ್ಟೇ ಆದದ್ದು. ಮರುತಿಂಗಳಿಂದ ಹಣಕಾಸು ಇಲಾಖೆಯಿಂದ ಸದನಕ್ಕೆ ಬರಬೇಕಾದ ಕಂತು ಬರಲಿಲ್ಲ.

ಮೊದಲು ಒಂದು ಆಕ್ಷೇಪಣೆ ಬಂತು. ಮೇಡಂ ಉತ್ತರ ಬರೆದರು. ಉತ್ತರದ ಮೇಲೆ ಮತ್ತೊಂದು ಆಕ್ಷೇಪಣೆ. ಅದಕ್ಕೂ ಬರೆದರು. ಆಮೇಲೆ ಕಂತಿನ ಮೂರನೇ ಒಂದು ಪಾಲು ಮಾತ್ರ ಬಂತು, ಉಳಿದದ್ದು ಪರಿಶೀಲನೆಯಲ್ಲಿದೆ ಎಂದರು. ಮೇಡಂ ಬಸ್ಸು ಹತ್ತಿ ಹಣಕಾಸು ಇಲಾಖೆಗೇ ಹೋದರು. ಅಲ್ಲಿನ ಅಧಿಕಾರಿ ಒಂದು ಕಾಲಕ್ಕೆ ಅವರ ಜೊತೆ ತರಬೇತಿ ಪಡೆದವನು. ಟೀ ತರಿಸಿದ, ಅತ್ತೆಯ ಮಂಡಿನೋವು ವಿಚಾರಿಸಿದ. ಕಂತಿನ ಮಾತು ಬಂದಾಗ ಮಾತ್ರ ಕಣ್ಣು ಮೇಜಿನ ಗಾಜಿಗೆ ಇಳಿಯಿತು. ಮೇಡಂ ಏಳಲಿಲ್ಲ. ಟೀ ಆರಿತು, ಮುಂದಿನವರು ಬಾಗಿಲು ತಳ್ಳಿ ಇಣುಕಿ ಹೋದರು. ಕೊನೆಗೆ ಅವನು ಸ್ವರ ತಗ್ಗಿಸಿದ.

"ನಿಮಗೆ ಗೊತ್ತಿಲ್ದೇ ಇರೋದಾ? ಸದನ ಒಂದಷ್ಟು ದಿನ ಮಲಗಿದ್ರೆ ಎಲ್ಲ ಸರಿ ಹೋಗುತ್ತೆ. ನೀವ್ಯಾಕೆ ಅದನ್ನ ಹೊತ್ಕೊಂಡು ಓಡಾಡ್ತೀರಿ?"

ವಾಪಸು ಬರುವಾಗ ಮೇಡಂಗೆ ಇಳಿಯುವ ನಿಲ್ದಾಣ ದಾಟಿದ್ದೂ ತಿಳಿಯಲಿಲ್ಲ. ಸಂಸತ್ತನ್ನು ಮುಚ್ಚಲು ಯಾರಿಗೂ ಅಧಿಕಾರವಿರಲಿಲ್ಲ. ಆದರೆ ಹೊಟ್ಟೆಗೆ ಹಾಕದೆ ಮಲಗಿಸಬಹುದಿತ್ತು. ಸದನ ಸೇರದಿದ್ದರೆ ಸರ್ಕಾರ ಅದೇ ಮಸೂದೆಯನ್ನು ಸುಗ್ರೀವಾಜ್ಞೆ ಮಾಡಿ ಹೊರಡಿಸುತ್ತದೆ, ಕೇಳುವವರು ಇರುವುದಿಲ್ಲ. ಸಮಿತಿಯ ವರದಿ ಬರುವ ತನಕ ಸದನದ ಉಸಿರು ಹಿಡಿದಿಡಬೇಕು. ಆ ಉಸಿರು ಈಗ ಹಿಂಬದಿಯ ಹೊಗೆ ತುಂಬಿದ ಕೋಣೆಗೆ ಬಂದು ಕೂತಿತ್ತು.

ಅಲ್ಲಿಂದ ಮುಂದೆ ಮೇಡಂ ಭವನದ ಒಂದೊಂದೇ ದೀಪ ಆರಿಸುತ್ತ ಹೋದರು. ಮೊಗಸಾಲೆಗಳಲ್ಲಿ ಹಗಲುಬೆಳಕೇ ಗತಿಯಾಯಿತು. ಲಿಫ್ಟು ನಿಂತಿತು, ತೋಟದ ನಲ್ಲಿ ನಿಂತಿತು, ಸದನದೊಳಗೆ ತಂಪು ಗಾಳಿ ನಿಂತು ಸದಸ್ಯರು ಕಾರ್ಯಕಲಾಪದ ಹಾಳೆಯಲ್ಲೇ ಗಾಳಿ ಬೀಸಿಕೊಂಡರು. ಕ್ಯಾಂಟೀನಿನವನು ಸಾಲ ಸಾಕು ಎಂದು ಒಲೆ ಆರಿಸಿದ. ಸಿಬ್ಬಂದಿಗೆ ಅರ್ಧ ಸಂಬಳ, ಮೇಡಂಗೂ ಅಷ್ಟೇ. ಹೋದಲ್ಲಿ ಬಂದಲ್ಲಿ ಜನ ಮುಖ ತಿರುಗಿಸತೊಡಗಿದರು. ಸಭಾಧ್ಯಕ್ಷರು ಮಾತ್ರ ತಮ್ಮ ಕಾರಿನ ಕೀಲಿ ತಂದು ಮೇಡಂ ಮೇಜಿನ ಮೇಲಿಟ್ಟು, ನಾಳೆಯಿಂದ ನಾನು ಬಸ್ಸಿಗೆ ಬರುತ್ತೇನೆ ಎಂದು ಹೇಳಿ ಹೋದರು. ಅವರನ್ನು ನೋಡಿ ಉಳಿದವರೂ ಹಾಗೇ ಮಾಡಬಹುದು ಎಂದು ಮೇಡಂ ಎರಡು ದಿನ ಕಾದರು. ಯಾರೂ ಬರಲಿಲ್ಲ.

ಬೇಡುವುದು ಒಂದೇ ದಾರಿ ಉಳಿಯಿತು. ಮೇಡಂ ಪಕ್ಷಗಳ ಕೋಣೆಗಳಿಗೆ ಹೋಗಿ ನಿಂತರು. ಕಾರು ಮತ್ತು ಭತ್ಯೆಯ ಅರ್ಧ ಬಿಟ್ಟುಕೊಟ್ಟರೆ ವರದಿ ಬರುವ ತನಕ ಸದನ ನಡೆಸಬಹುದು, ಒಬ್ಬ ನೌಕರನನ್ನೂ ತೆಗೆಯಬೇಕಿಲ್ಲ ಎಂದು ಗಿಣಿಗೆ ಹೇಳಿದಂತೆ ಹೇಳಿದರು. ಸರ್ಕಾರದ ಪಕ್ಷದವರು ನಕ್ಕರು. ಅದನ್ನು ಮೇಡಂ ನಿರೀಕ್ಷಿಸಿದ್ದರು. ಮಸೂದೆಯ ವಿರುದ್ಧ ಗಂಟಲು ಹರಿದುಕೊಳ್ಳುತ್ತಿದ್ದ ಪಕ್ಷದ ಮುಖಂಡ ಕೂಡ ಕೂರಲು ಹೇಳಲಿಲ್ಲ. ಕ್ಷೇತ್ರಕ್ಕೆ ಹೋಗದೆ ಜನರಿಗೆ ಮುಖ ತೋರಿಸುವುದು ಹೇಗೆ, ನಮ್ಮ ಪೆಟ್ರೋಲಿಗೆ ಕೈ ಹಾಕಿದರೆ ನಿಮ್ಮ ಮೇಲೇ ಹಕ್ಕುಚ್ಯುತಿ ತರುತ್ತೇನೆ ಎಂದ. ಮೆಟ್ಟಿಲು ಇಳಿಯುವಾಗ ಮೇಡಂ ಕಟಕಟೆ ಹಿಡಿದು ನಿಂತರು. ಕಸ ಗುಡಿಸುವವಳು ಪೊರಕೆ ಬಿಟ್ಟು ಓಡಿಬಂದು ನೀರು ಕೊಟ್ಟಳು. ಅವಳಿಗೂ ಸಂಬಳ ಅರ್ಧವೇ ಆಗಿತ್ತು.

ಸದನ ಸಮಿತಿ ಸೇರಿತು. ಭತ್ಯೆಯ ಮಾತು ಯಾರೂ ಎತ್ತಲಿಲ್ಲ. ಹಂಗಾಮಿ ನೌಕರರನ್ನೆಲ್ಲ ತೆಗೆಯಿರಿ ಎಂದು ಒಂದೇ ಸಾಲಿನ ನಿರ್ಣಯವಾಯಿತು. ಮೇಡಂ ಎದ್ದು ನಿಂತು, ಉಳಿದವರ ಮಾತು ಆಮೇಲೆ, ನಡಾವಳಿ ಬರೆಯುವವರನ್ನು ಮಾತ್ರ ಮುಟ್ಟಬೇಡಿ ಎಂದರು. ಧ್ವನಿಮುದ್ರಣ ಯಂತ್ರವೇನೋ ಇತ್ತು. ಹತ್ತು ಜನ ಒಟ್ಟಿಗೆ ಕೂಗಿದಾಗ ಯಾರು ಏನಂದರು ಎಂದು ಯಂತ್ರ ಹೇಳುವುದಿಲ್ಲ. ಕೆಳಗೆ ಕೂತು ಬಾಯಿಗಳನ್ನು ನೋಡುತ್ತ ಬರೆದವರು ಹೇಳಬೇಕು. ಹಿಂದಿನ ದಿನದ ನಡಾವಳಿ ಅಚ್ಚಾಗಿ ಬೆಳಗ್ಗೆ ಸದನದ ಮುಂದೆ ಇಡದಿದ್ದರೆ ಆ ದಿನದ ಕಲಾಪ ಶುರುವಾಗುವಂತಿಲ್ಲ, ಅದು ನಿಯಮ. ಸಮಿತಿಯವರು ಗಡಿಯಾರ ನೋಡಿದರು. ಕೊನೆಗೆ, ನಡಾವಳಿಯ ಎಂಟು ಹಂಗಾಮಿಗಳಲ್ಲಿ ಇಬ್ಬರನ್ನು ಉಳಿಸಿಕೊಳ್ಳಿ, ಯಾರೆಂದು ನೀವೇ ನೋಡಿಕೊಳ್ಳಿ ಎಂದು ಎದ್ದು ಹೋದರು.

ನಡಾವಳಿ ವಿಭಾಗದ ಮುಖ್ಯಸ್ಥ ಮಿತಭಾಷಿ. ಮಧ್ಯಾಹ್ನವೇ ಇಬ್ಬರ ಹೆಸರು ಆರಿಸಿ ಬರೆದು ತಂದ. ಮೊದಲನೆಯವನು ಎಲ್ಲರಿಗಿಂತ ವೇಗವಾಗಿ ಬರೆಯುವ ಗಡ್ಡದವನೊಬ್ಬ, ಅವನ ವಿಷಯದಲ್ಲಿ ಎರಡು ಮಾತಿರಲಿಲ್ಲ. ಎರಡನೆಯ ಹೆಸರು ನಾದಿನಿಯದು. ಮೇಡಂ ಆ ಹೆಸರಿಗೆ ಗೆರೆ ಎಳೆದು, ಬರೆಯುವುದರಲ್ಲಿ ಅವಳ ನಂತರ ನಿಲ್ಲುವ ಹುಡುಗನ ಹೆಸರು ಬರೆದರು.

"ಮೇಡಂ, ನಾನು ಸಂಬಂಧ ನೋಡಿ ಬರೆದಿದ್ದಲ್ಲ, ಕೈ ನೋಡಿ ಬರೆದಿದ್ದು," ಎಂದ ಮುಖ್ಯಸ್ಥ.

"ಅದು ನಂಗೂ ಗೊತ್ತು, ನಿಮಗೂ ಗೊತ್ತು. ಹೊರಗಡೆ ಯಾರು ನಂಬ್ತಾರೆ? ಆರು ಜನರನ್ನ ಮನೆಗೆ ಕಳಿಸಿ ತನ್ನ ಮನೆಯವಳನ್ನ ಇಟ್ಕೊಂಡ್ಲು ಅಂತ ನಾಳೆ ಸದನದಲ್ಲೇ ಎತ್ತುತಾರೆ. ಅವರಿಗೆ ಬೇಕಾಗಿರೋದು ಅಂಥದ್ದೇ ಒಂದು ನೆಪ."

ಮುಖ್ಯಸ್ಥ ಹಾಳೆ ಎತ್ತಿಕೊಂಡು ಹೋದ. ತಾವು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಆದರೂ ಮೇಡಂಗೆ ಸಮಾಧಾನವಾಗಲಿಲ್ಲ.

ಆ ಸಂಜೆ ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತಿದ್ದರು. ಕಚೇರಿಯಲ್ಲಿ ಗುಟ್ಟು ನಿಲ್ಲುವುದುಂಟೆ? ಯಾರ ಹೆಸರು ಮೊದಲಿತ್ತು, ಯಾರು ಹೊಡೆದುಹಾಕಿದರು ಎಂಬುದೆಲ್ಲ ಟೀ ಹೊತ್ತಿಗೇ ನಾದಿನಿಗೆ ಮುಟ್ಟಿತ್ತು. ಅವಳು ಅಳಲಿಲ್ಲ. ಚೀಲವನ್ನು ತೊಡೆಯ ಮೇಲೆ ಒತ್ತಿ ಹಿಡಿದು ಹೊರಗೆ ನೋಡುತ್ತಿದ್ದಳು. ಅರ್ಧ ದಾರಿ ಸವೆದ ಮೇಲೆ ಕೇಳಿದಳು.

"ನಾನು ಹೊರಗಿನವಳಾಗಿದ್ರೆ ಉಳಿಸ್ತಿದ್ರಿ, ಅಲ್ವಾ ಅತ್ತಿಗೆ?"

ಸುಳ್ಳು ಹೇಳಬಹುದಿತ್ತು. ಮೇಡಂ ಹೂಂ ಎಂದರು.

ನಾದಿನಿ ಮುಖವನ್ನು ಮತ್ತೆ ಕಿಟಕಿಗೆ ತಿರುಗಿಸಿದಳು.

ಮನೆಯಲ್ಲಿ ಅತ್ತೆ ಮಾತಾಡಿದರು. ಮಂಡಿನೋವಿಗೆ ಕಾಲು ಚಾಚಿ ಕೂತಿದ್ದ ಮುದುಕಿ, ಮಗಳ ಬಾಯಿಂದ ವಿಷಯ ತಿಳಿದು ಸೊಸೆಯನ್ನು ಎದುರಿಗೆ ಕರೆದು ನಿಲ್ಲಿಸಿಕೊಂಡರು.

"ಸಂಸತ್ತಂತೆ, ಸದನವಂತೆ. ಅವಳು ಎದ್ದು ನಿಲ್ಲೋಕೆ ಎಷ್ಟು ವರ್ಷ ಹಿಡೀತು ಅಂತ ನಿನಗಿಂತ ಚೆನ್ನಾಗಿ ಯಾರಿಗಮ್ಮ ಗೊತ್ತು? ನೀನೇ ಎಬ್ಬಿಸಿದ್ದು. ನೀನೇ ಮಲಗಿಸಿಬಿಟ್ಟೆ."

ಗಂಡ ಬಾಲ್ಕನಿಗೆ ಹೋದ. ಅವತ್ತು ಗಿಡಗಳಿಗೆ ಆಗಲೇ ನೀರು ಹಾಕಿಯಾಗಿತ್ತು. ಸುಮ್ಮನೆ ಕೊಡ ಹಿಡಿದು ನಿಂತಿದ್ದ.

ಅತ್ತೆ ಅದಾದ ಮೇಲೆ ಸೊಸೆಯ ಜೊತೆ ಮಾತು ಬಿಟ್ಟರು. ಏನಾದರೂ ಬೇಕಿದ್ದರೆ ಗೋಡೆಗೆ ಹೇಳುವಂತೆ ಹೇಳುತ್ತಿದ್ದರು. ನಾದಿನಿಯದು ಇನ್ನೊಂದು ಬಗೆ. ಅವಳು ಮುನಿಸು ತೋರಿಸಲಿಲ್ಲ. ಬೆಳಗ್ಗೆ ಎದ್ದು ಅಡುಗೆ ಮಾಡಿ ಅತ್ತಿಗೆಯ ಡಬ್ಬಿ ತುಂಬಿ, ಬಟ್ಟೆ ಇಸ್ತ್ರಿ ಮಾಡಿ ಕುರ್ಚಿಯ ಮೇಲಿಡುತ್ತಿದ್ದಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಕೇಳದಿದ್ದರೆ ಇಲ್ಲ. ಮನೆಗೆಲಸದವಳೊಬ್ಬಳು ಬಂದು ಸೇರಿದಂತಿತ್ತು. ಮೇಡಂ ಆ ಡಬ್ಬಿಯ ಅನ್ನವನ್ನು ಅರ್ಧಕ್ಕೇ ಬಿಟ್ಟು ಮುಚ್ಚುತ್ತಿದ್ದರು. ಒಂದು ಬೈಗುಳ ಬಿದ್ದಿದ್ದರೆ ಹೊಟ್ಟೆ ತುಂಬ ಉಣ್ಣಬಹುದಿತ್ತು ಅನ್ನಿಸುತ್ತಿತ್ತು.

ಪರಿಶೀಲನಾ ಸಮಿತಿಯ ವರದಿ ಕೊನೆಗೂ ಬಂತು. ಮಸೂದೆಯ ಮುಕ್ಕಾಲು ಪಾಲು ತೆಗೆದುಹಾಕಬೇಕೆಂದಿತ್ತು. ಸದನ ಸೇರಿ, ಚರ್ಚಿಸಿ, ಮತ ಹಾಕಬೇಕಿತ್ತು. ನಾಲ್ಕು ದಿನ ಸಾಕು ಎಂದರು ಕಾರ್ಯದರ್ಶಿ. ಮೇಡಂ ಬೊಕ್ಕಸದ ತಳ ಗೆಬರಿ ನಾಲ್ಕು ದಿನಕ್ಕೆ ಬೇಕಾದ ಕರೆಂಟು, ಕಾಗದ, ಜನರೇಟರಿನ ಡೀಸೆಲು ಹೊಂದಿಸಿದರು. ಹೊಂದಿಸಲಾಗದ್ದು ಕೈಗಳನ್ನು. ಹನ್ನೆರಡು ಜನ ಸರದಿಯಲ್ಲಿ ಬರೆಯುತ್ತಿದ್ದುದನ್ನು ಈಗ ಆರು ಜನ ಬರೆಯಬೇಕಿತ್ತು. ಸರ್ಕಾರದ ಪಕ್ಷದವರಿಗೆ ಇದು ಗೊತ್ತಿತ್ತು. ಮೊದಲ ದಿನವೇ ಒಬ್ಬರ ಮೇಲೊಬ್ಬರು ಎದ್ದು ಕೂಗಿದರು, ಸಂಬಂಧವಿಲ್ಲದ್ದನ್ನೆಲ್ಲ ಓದಿದರು, ಸಂಜೆ ಕಳೆದರೂ ಕೂರಲಿಲ್ಲ. ಬರೆಯುವವರು ಒಂದು ಲೋಟ ನೀರಿಗೆ ಏಳುವಂತಿರಲಿಲ್ಲ. ಎರಡನೆಯ ದಿನ ಕಾಯಂ ನೌಕರರಲ್ಲಿ ಹಿರಿಯಾಕೆ ಜ್ವರ ಬಂದು ಮಲಗಿದರು. ಉಳಿದದ್ದು ಐವರು. ಅವರಲ್ಲಿ ಮೇಡಂ ಹೆಸರು ಬರೆದು ಉಳಿಸಿಕೊಂಡಿದ್ದ ಹುಡುಗನ ಮಣಿಕಟ್ಟು ಊದಿ ಬದನೆಕಾಯಿಯಾಗಿತ್ತು. ಬಟ್ಟೆ ಸುತ್ತಿಕೊಂಡು ಬರೆದ. ಬರೆದದ್ದನ್ನು ಅವನಿಂದಲೇ ಓದಲಾಗಲಿಲ್ಲ. ಆ ದಿನದ ನಡಾವಳಿ ಮೂರನೆಯ ದಿನ ಬೆಳಗ್ಗೆ ಅಚ್ಚಾಗಿ ಬರುವಷ್ಟರಲ್ಲಿ ಸದನ ಎರಡು ಗಂಟೆ ಕಾದು ಕೂತಿತ್ತು. ಇನ್ನೊಂದು ದಿನ ಹೀಗೆ ಆಗುವುದಿಲ್ಲ ಎಂದ ಮುಖ್ಯಸ್ಥ. ಅವನ ಕಣ್ಣು ಕೆಂಪಗಾಗಿತ್ತು.

ಮೇಡಂ ತೆಗೆದುಹಾಕಿದ ಆರು ಜನರಲ್ಲಿ ಐವರಿಗೆ ಫೋನು ಮಾಡಿದರು. ಇಬ್ಬರು ಎತ್ತಲಿಲ್ಲ. ಒಬ್ಬ ಬೇರೆ ಊರಿನಲ್ಲಿದ್ದ. ಒಬ್ಬಳು ಸಮಾಧಾನದಿಂದ ಕೇಳಿಸಿಕೊಂಡು, ಸಂಬಳ ಯಾರು ಕೊಡುತ್ತಾರೆ ಎಂದಳು. ಈಗ ಕೊಡಲು ಹಣವಿಲ್ಲ ಎಂದು ಮೇಡಂ ಫೋನು ಇಟ್ಟರು. ಇನ್ನೊಬ್ಬ ಉಗಿದು ಇಟ್ಟ. ಉಳಿದವಳು ಮನೆಯಲ್ಲೇ ಇದ್ದಳು.

ಮೇಡಂ ಮಧ್ಯಾಹ್ನವೇ ಮನೆಗೆ ಓಡಿದರು. ನಾದಿನಿ ಕೋಣೆಯಲ್ಲಿ ಮಗಳ ಬಟ್ಟೆ ಮಡಚಿ ಪೆಟ್ಟಿಗೆಗೆ ಹಾಕುತ್ತಿದ್ದಳು. ದೂರದ ಊರಿನ ನ್ಯಾಯಾಲಯದಲ್ಲಿ ಬೆರಳಚ್ಚಿನ ಕೆಲಸ ಸಿಕ್ಕಿದೆ, ಹೊರಡುವುದು ನಾಳೆ ಬೆಳಗ್ಗೆ ಎಂದು ಅವಳ ಅಣ್ಣನಿಗೂ ತಾಯಿಗೂ ಗೊತ್ತಿತ್ತು. ಮೇಡಂಗೆ ಯಾರೂ ಹೇಳಿರಲಿಲ್ಲ. ಬಾಗಿಲಲ್ಲಿ ನಿಂತವರಿಗೆ ಅವಳು ಮನೆ ಬಿಟ್ಟು ಹೊರಟಿದ್ದಾಳೆಂದು ಪೆಟ್ಟಿಗೆ ನೋಡಿಯೇ ಅರ್ಥವಾಯಿತು. ಆದರೂ ಬಂದದ್ದನ್ನು ಕೇಳಿದರು. ಇವತ್ತು, ನಾಳೆ, ಎರಡೇ ದಿನ ಬಾ, ಈಗ ಸಂಬಳ ಕೊಡಲಾಗುವುದಿಲ್ಲ, ಮುಂದೆ ಹೇಗಾದರೂ ಮಾಡಿ ಕೊಡಿಸುತ್ತೇನೆ, ನೀನು ಬರದಿದ್ದರೆ ನಾಳೆ ಸದನ ನಿಲ್ಲುತ್ತದೆ ಎಂದರು. ನಾದಿನಿಯ ಕೈ ಹಿಡಿಯಲು ಹೋದರು. ಅವಳು ಕೈಯಲ್ಲಿದ್ದ ಅಂಗಿಯನ್ನು ಮಡಚಿ ಮುಗಿಸಿದಳು.

"ಮಸೂದೆ ಕೆಟ್ಟದ್ದು ಅಂತ ನಂಗೂ ಗೊತ್ತು ಅತ್ತಿಗೆ. ಅವರು ಕೂಗಿದ್ದನ್ನೆಲ್ಲ ಬರ್ಕೊಂಡಿದ್ದು ನಾನೇ ಅಲ್ವಾ. ಆದ್ರೆ ನಾಳೆ ಹೋಗದಿದ್ರೆ ಆ ಕೆಲಸ ಬೇರೆಯವರ ಪಾಲು. ಸದನಕ್ಕೆ ಬೇರೆ ಯಾರಾದ್ರೂ ಸಿಗಬಹುದು. ಈ ಮಗೂಗೆ ನಾನೊಬ್ಳೇ."

ಮೇಡಂ ಇನ್ನೂ ನಿಂತೇ ಇದ್ದರು. ನಾದಿನಿ ಮಗಳ ಚಪ್ಪಲಿಯನ್ನು ಕಾಗದದಲ್ಲಿ ಸುತ್ತತೊಡಗಿದಳು. ಹೊರಗಿನ ಕೋಣೆಯಿಂದ ಅತ್ತೆ ಕೆಮ್ಮಿದ್ದು ಕೇಳಿಸಿತು. ಮೇಡಂ ತಿರುಗಿ ಬಸ್ಸು ನಿಲ್ದಾಣಕ್ಕೆ ನಡೆದರು.

ಮರುದಿನ ಸದನದ ಗಂಟೆ ಹೊಡೆಯಿತು, ಸದಸ್ಯರು ಬಂದು ಕೂತರು, ಸಭಾಧ್ಯಕ್ಷರು ಪೀಠಕ್ಕೆ ಬಂದರು. ನಡಾವಳಿ ಬಂದಿರಲಿಲ್ಲ. ಒಂದು ಗಂಟೆ ಕಾದರು, ಎರಡು ಗಂಟೆ ಕಾದರು. ಸರ್ಕಾರದ ಪಕ್ಷದವನೊಬ್ಬ ಎದ್ದು, ನಿಯಮ ಎಂದರೆ ನಿಯಮ ಎಂದು ಹೇಳಿ ಕೂತ. ಹಿಂದಿನ ದಿನದ ಗದ್ದಲದ ನಡುವಿನ ಮುಕ್ಕಾಲು ಗಂಟೆಯ ಮಾತು ಯಾರ ಹಾಳೆಯಲ್ಲೂ ಸರಿಯಾಗಿ ಇರಲಿಲ್ಲ. ಮೇಲಿನ ಗ್ಯಾಲರಿಯಲ್ಲಿ ಕಂಬಕ್ಕೆ ಒರಗಿ ನಿಂತಿದ್ದ ಮೇಡಂ ನೋಡುತ್ತಿದ್ದಂತೆ ಸಭಾಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ದಿನಾಂಕ ಹೇಳದೆ ಸದನವನ್ನು ಮುಂದೂಡಿದರು. ಅವರ ಸ್ವರ ಮೈಕಿನಲ್ಲೂ ಕೇಳಿಸಲಿಲ್ಲ.

ಮಸೂದೆ ಆ ವಾರವೇ ಸುಗ್ರೀವಾಜ್ಞೆಯಾಗಿ ಹೊರಬಿತ್ತು. ಅದರಡಿ ಹಿಡಿದವರಲ್ಲಿ ಭವನದ ಗೇಟಿನೆದುರು ಹಳೆಯ ಪುಸ್ತಕ ಮಾರುತ್ತಿದ್ದವನೂ ಒಬ್ಬ. ಹತ್ತು ದಿನದಲ್ಲಿ ಸದನದ ಬಾಕಿ ಕಂತುಗಳೆಲ್ಲ ಒಂದೂ ಬಿಡದೆ ಬಂದವು. ಹಣಕಾಸು ಇಲಾಖೆಯವನು ಫೋನು ಮಾಡಿ, ಸದ್ಯ, ನಿಮ್ಮ ತಲೆನೋವು ಕಳೆಯಿತಲ್ಲ ಎಂದ. ಲಿಫ್ಟು ಓಡಿತು, ಮೊಗಸಾಲೆಯ ದೀಪ ಹತ್ತಿತು, ಕ್ಯಾಂಟೀನಿನವನು ಸಾಲ ವಸೂಲು ಮಾಡಿ ಒಲೆ ಹಚ್ಚಿದ. ತೆಗೆದವರನ್ನು ವಾಪಸು ತೆಗೆದುಕೊಳ್ಳಬೇಕೆಂದು ಮೇಡಂ ಬರೆದು ಕಳಿಸಿದರು. ಆರು ಜನರಲ್ಲೇ ನಡೆಯಿತಲ್ಲ ಎಂದು ಸಮಿತಿ ಕೇಳಿತು. ನಡೆಯಲಿಲ್ಲ, ಅದಕ್ಕೇ ಸದನ ನಿಂತದ್ದು ಎಂದರು ಮೇಡಂ. ಯಾರೂ ಅವರ ಮುಖ ನೋಡಲಿಲ್ಲ. ಆ ಹಣದಲ್ಲಿ ಸದಸ್ಯರ ಕೋಣೆಗಳಿಗೆ ಹೊಸ ಸೋಫಾ ಬಂತು. ಸಭಾಧ್ಯಕ್ಷರು ರಾಜೀನಾಮೆ ಕೊಟ್ಟು ಹೋದರು. ಮೇಡಂ ರಾಜೀನಾಮೆ ಕೊಡಲಿಲ್ಲ. ಕೊಡುವ ಸ್ಥಿತಿಯೂ ಇರಲಿಲ್ಲ, ಅತ್ತೆಯ ಮಂಡಿಯ ಆಪರೇಷನ್ನು ಆಗಬೇಕಿತ್ತು. ಪ್ರತಿ ವರ್ಷವೂ ನಡಾವಳಿಯವರ ಹುದ್ದೆಗಳನ್ನೇ ಮೊದಲು ಬರೆದು ಕಳಿಸಿದರು, ಪ್ರತಿ ವರ್ಷವೂ ಅದು ಕೊನೆಗೆ ಹೋಗಿ ಬಿದ್ದುಹೋಯಿತು. ಡ್ರೈವರುಗಳ ಜೊತೆಗಿನ ನಗೆಯೂ ನಿಂತಿತು. ಹೊಸ ಸೀಟು ಕೇಳಿದವರಿಗೆ ಹೊಸ ಸೀಟು ಹಾಕಿಸಿಕೊಡುತ್ತಿದ್ದರು.

ಗಂಡ ಆಗಾಗ ತಂಗಿಯನ್ನು ನೋಡಿಕೊಂಡು ಬರುತ್ತಿದ್ದ. ಮೇಡಂ ಹೋದದ್ದು ಬಹಳ ತಡವಾಗಿ, ಹೇಳದೆ ಕೇಳದೆ. ನ್ಯಾಯಾಲಯದ ಹಿಂದಿನ ಓಣಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಹುಡುಗಿ ಎತ್ತರ ಬೆಳೆದಿದ್ದಳು. ಮೇಡಂರನ್ನು ನೋಡಿ, ಅಮ್ಮಾ, ಮಾವನ ಮನೆ ಅತ್ತೆ ಬಂದರು ಎಂದು ಒಳಗೆ ಕೂಗಿ ಹೇಳಿದಳು. ನಾದಿನಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಕುರ್ಚಿ ಹಾಕಿದಳು. ಕೆಲಸ ಕಾಯಂ ಆಗಿದೆ, ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುವ ಕೆಲಸ, ಆ ಕಾನೂನಿನಲ್ಲಿ ಸಿಕ್ಕಿಬಿದ್ದವರನ್ನೂ ಕರೆತರುತ್ತಾರೆ ಎಂದು ಹೇಳಿದಳು. ಮಾತು ಹಾಗೇ ಹೀಗೇ ಹರಿದು ನಿಂತಿತು. ಹುಡುಗಿ ಟೀ ಪುಡಿ ತರಲು ಅಂಗಡಿಗೆ ಹೋದಳು. ಆಗ ನಾದಿನಿ ನೆಲ ನೋಡುತ್ತ ಕೇಳಿದಳು.

"ಅವತ್ತು ನಾನು ಬಂದಿದ್ರೆ ಸದನ ನಡೀತಿತ್ತಾ ಅತ್ತಿಗೆ?"

ಮೇಡಂ ಆ ಲೆಕ್ಕವನ್ನು ಎಷ್ಟು ಸಲ ಹಾಕಿದ್ದರೋ. ಹುಡುಗನ ಬದಲು ಇವಳು ಕೂತಿದ್ದರೆ, ಗೆರೆ ಎಳೆಯದೆ ಇದ್ದಿದ್ದರೆ ಎಂಬ ಲೆಕ್ಕವನ್ನೂ.

"ಆ ಎರಡು ದಿನ ನಡೀತಿತ್ತು ಅನ್ಸುತ್ತೆ," ಎಂದರು. "ಮತ ಹಾಕೋ ಹೊತ್ತಿಗೆ ಅವರು ಬೇರೆ ಏನಾದ್ರೂ ಹುಡುಕ್ತಿದ್ರು. ಆದ್ರೆ ಸದನ ನಿಂತ ತಪ್ಪು ನಿನ್ನ ಮೇಲೆ ಬರಲ್ಲ. ಬಂದ್ರೆ ನನ್ನ ಮೇಲೆ."

ನಾದಿನಿ ಎದ್ದು ಒಲೆ ಹಚ್ಚಿ ನೀರಿಟ್ಟಳು. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿದೆ, ಊಟ ಮಾಡಿಕೊಂಡೇ ಹೋಗಿ ಎಂದಳು, ಬೆನ್ನು ಹಾಕಿಕೊಂಡೇ. ಮೇಡಂ ಆಗಲಿ ಎಂದು ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಕೂತರು.